4.49, 4.50, 4.51: ಯಾವ ಹೆಡ್ ತರಿಸಬೇಕು? 10 ಮೀಟರ್ ಏರ್ ರೈಫಲ್ ಪೆಲೆಟ್ ಪರೀಕ್ಷೆ, ಕರಾವಳಿ ತೇವ ಮತ್ತು ಉಳಿದ ತಲೆಬಿಸಿಗಳು

ಕೋಡಿಬಾಗ_10ಮೀ (ಕಾರವಾರ)

ಈ ಸೀಸನ್ನಿಗೆ ಪೆಲೆಟ್ ಒಟ್ಟಿಗೆ ತರಿಸುವುದಿದೆ. ರೈಫಲ್ ಪಿಸಿಪಿ (ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವಂಥದ್ದು), 200 ಬಾರ್ ಸಿಲಿಂಡರು, 4.5 ಮಿಮೀ. ಒಂದೇ ಕಂಪನಿಯ ಮ್ಯಾಚ್ ಪೆಲೆಟ್, 0.53 ಗ್ರಾಂ, ಮೂರು ಹೆಡ್ ಸೈಜಿನಲ್ಲಿ (ಪೆಲೆಟ್ಟಿನ ತಲೆಯ ಅಗಲ, ಮಿಮೀ) ಒಂದೊಂದು ಡಬ್ಬಿ ಕೈಯಲ್ಲಿದೆ. ಮರಳುಚೀಲದ ಮೇಲೆ ಇಟ್ಟು ಒಂದೊಂದರಲ್ಲಿ 5 ಹೊಡೆತ ಹಾಕಿ ನೋಡಿದೆ. ಗ್ರೂಪಿನಲ್ಲಿ (ಒಟ್ಟಿಗೆ ಬಿದ್ದ ತೂತುಗಳಲ್ಲಿ) ಅತಿ ದೂರದ ಎರಡು ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳತೆ:

4.49 – 6.9 ಮಿಮೀ
4.50 – 5.8 ಮಿಮೀ
4.51 – 6.4 ಮಿಮೀ

4.50ರ 10 ಡಬ್ಬಿ, ಅಂದ್ರೆ 5000 ಪೆಲೆಟ್ ಹೇಳಿಬಿಡಬಹುದಾ? ಇನ್ನೊಂದು ಪ್ರಶ್ನೆ: ತೂಕ ನೋಡಿ ಬೇರ್ಪಡಿಸಿದರೆ ಉಪಯೋಗ ಇದೆಯಾ? ಮನೆಯಲ್ಲಿ 0.01 ಗ್ರಾಂ ತೋರಿಸುವ ತಕ್ಕಡಿ ಇದೆ.

ಘಟ್ಟದ_ಮೇಲೆ (ಶಿರಸಿ)

ಈಗಲೇ ಹೇಳಬೇಡಿ ಮಾರಾಯ್ರೆ. ಈ ಮೂರು ಅಂಕಿಯಿಂದ ಏನೂ ತೀರ್ಮಾನ ಆಗೂದಿಲ್ಲ.

ಮೊದಲು ಪೆಲೆಟ್ಟಿನ ಅಗಲ 4.5 ಮಿಮೀ ಕಳೆದು ಕೇಂದ್ರದಿಂದ ಕೇಂದ್ರಕ್ಕೆ ತನ್ನಿ: 2.4, 1.3, 1.9. ಈಗ ಒಂದೇ ಡಬ್ಬಿಯ ಪೆಲೆಟ್ ತೆಗೆದುಕೊಂಡು 5 ಹೊಡೆತದ ಗ್ರೂಪ್ ಇಪ್ಪತ್ತು ಹಾಕಿದರೂ ಎಲ್ಲವೂ ಒಂದೇ ಅಳತೆಗೆ ಬರೂದಿಲ್ಲ. 5 ಹೊಡೆತದ ಗ್ರೂಪ್ ತನ್ನ ಸರಾಸರಿಯಿಂದ ಶೇ 25ರಷ್ಟು ಮೇಲೆ ಕೆಳಗೆ ಆಡುವುದು ಮಾಮೂಲು. ಸರಾಸರಿ 1.85 ಇರುವ ಒಂದೇ ಪೆಲೆಟ್ಟಿನಿಂದ ಒಮ್ಮೆ 1.3, ಇನ್ನೊಮ್ಮೆ 2.4 ಬಂದರೆ ಆಶ್ಚರ್ಯ ಇಲ್ಲ. ನಿಮ್ಮ ಮೂರು ಡಬ್ಬಿಯೂ ಒಂದೇ ಆಗಿದ್ದರೂ ಇದೇ ಪಟ್ಟಿ ಬರಬಹುದಿತ್ತು.

ಪ್ರತಿ ಹೆಡ್ಡಿಗೆ 10 ಹೊಡೆತದ ಗ್ರೂಪ್ ಐದು, ಒಟ್ಟು 50 ಹೊಡೆತ. ಅದಕ್ಕಿಂತ ಕಡಿಮೆಯಾದರೆ ಪರೀಕ್ಷೆ ಅಲ್ಲ. ಐದು ಗ್ರೂಪಿನ ಸರಾಸರಿ ತೆಗೆದ ಮೇಲೂ ಎರಡು ಹೆಡ್ಡಿನ ನಡುವೆ ಕೇಂದ್ರದಿಂದ ಕೇಂದ್ರದ ಅಳತೆಯಲ್ಲಿ ಶೇ 20–25 ವ್ಯತ್ಯಾಸ ಇಲ್ಲದಿದ್ದರೆ ಎರಡೂ ಒಂದೇ ಅಂತ ಇಟ್ಟುಕೊಳ್ಳಿ. 1.7 ಮತ್ತು 2.0 ಒಂದೇ. 1.7 ಮತ್ತು 2.6 ಬೇರೆ.

ಕ್ರಮವೂ ಮುಖ್ಯ. 4.49 ಪೂರಾ ಮುಗಿಸಿ, ಆಮೇಲೆ 4.50, ಆಮೇಲೆ 4.51 ಅಂತ ಹೋಗಬೇಡಿ. ಹೊತ್ತು ಏರಿದ ಹಾಗೆ ಹಾಲ್ ಬಿಸಿಯಾಗುತ್ತದೆ, ಸಿಲಿಂಡರಿನ ಒತ್ತಡ ಇಳಿಯುತ್ತದೆ, ವೈಸ್ (ರೈಫಲ್ ಕಚ್ಚಿ ಹಿಡಿಯುವ ಸಾಧನ) ಬಳಸಿದರೆ ಅದೂ ಸಡಿಲ ಆಗುತ್ತದೆ. ಅದೆಲ್ಲ ಕೊನೆಯ ಪೆಲೆಟ್ಟಿನ ತಲೆಗೆ ಬರುತ್ತದೆ. 49, 50, 51, ಆಮೇಲೆ 51, 50, 49 ಹೀಗೆ ಹೋಗಿ ಬನ್ನಿ. ಪ್ರತಿ ಸಲ ಬದಲಿಸಿದಾಗ ಮೊದಲ 5 ಹೊಡೆತ ಬೇರೆ ಗುರಿ ಕಾರ್ಡಿಗೆ ಹೊಡೆದು ಬಿಟ್ಟುಬಿಡಿ, ಲೆಕ್ಕಕ್ಕೆ ಬೇಡ.

ಅಘನಾಶಿನಿ (ಕುಮಟಾ)

ಮರಳುಚೀಲದಲ್ಲಿ ಇನ್ನೊಂದು ದೋಷ ಇದೆ. ಗುರಿ ಹಿಡಿಯುವವರ ತಪ್ಪೂ ಅದರೊಳಗೆ ಸೇರಿ ಹೋಗುತ್ತದೆ. ಪೆಲೆಟ್ ಮಾತ್ರ ಅಳೆಯಬೇಕಾದರೆ ವೈಸ್ ಬೇಕು.

ಗ್ಯಾರೇಜಿನಲ್ಲಿ ಸಿಗುವ 4 ಇಂಚಿನ ಬೆಂಚ್ ವೈಸ್ ಸಾಕು. ಬಾಯಿಗೆ 3–4 ಮಿಮೀ ದಪ್ಪದ ಚರ್ಮ ಅಂಟಿಸಿ. ಮರದ ಟೇಬಲ್ಲಿಗೆ ಬೋಲ್ಟ್ ಹಾಕಿದರೆ ಟೇಬಲ್ಲೇ ಅಲುಗುತ್ತದೆ, ಕಾಂಕ್ರೀಟ್ ಕಟ್ಟೆಗೆ ಹಾಕಿ. ಚಿರೇಕಲ್ಲಿನ ಗೋಡೆಗೆ ನೇರವಾಗಿ ಆಂಕರ್ ಬೋಲ್ಟ್ ಹೊಡೆದರೆ ಕಲ್ಲು ಪುಡಿಯಾಗಿ ಬೋಲ್ಟ್ ತಿರುಗಲು ಶುರು ಆಗುತ್ತದೆ, ಅದು ಬೇಡ.

ಹಿಡಿಯುವ ಜಾಗ: ಆಕ್ಷನ್ (ಪೆಲೆಟ್ ಲೋಡ್ ಮಾಡುವ ನಡುಭಾಗ) ಅಥವಾ ಅದರ ಮುಂದಿನ ಫೋರ್‌ಎಂಡ್ ರೈಲ್. ಬ್ಯಾರಲ್ಲನ್ನು ಹಿಡಿಯಬೇಡಿ, ಸಿಲಿಂಡರನ್ನಂತೂ ಯಾವತ್ತೂ ವೈಸಿಗೆ ಕೊಡಬೇಡಿ. 200 ಬಾರ್ ಇರುವ ಲೋಹದ ಮೇಲೆ ಗೀರು, ತಗ್ಗು ಏನೂ ಆಗಬಾರದು. ಬಿಗಿ ಮಾಡಿದ ಮೇಲೆ 10 ಹೊಡೆತ ಸುಮ್ಮನೆ ಹೊಡೆಯಿರಿ, ಚರ್ಮ ಕುಳಿತುಕೊಳ್ಳಲಿ. ಲೋಡ್ ಮಾಡುವಾಗ ಬೋಲ್ಟನ್ನು ಜೋರಾಗಿ ದೂಡಿದರೆ ಗುರಿ ಸರಿಯುತ್ತದೆ. ಗ್ರೂಪ್ ಒಂದು ದಿಕ್ಕಿಗೆ ಉದ್ದಕ್ಕೆ ಎಳೆದಂತೆ ಕಂಡರೆ ಅದು ಪೆಲೆಟ್ ಅಲ್ಲ, ವೈಸ್ ಜಾರಿದ್ದು. ಆ ಗ್ರೂಪ್ ಕಿತ್ತುಹಾಕಿ.

ಕಾರ್ಡಿನ ಬಗ್ಗೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ತೇವಕ್ಕೆ ಕಾರ್ಡ್ ಮೆತ್ತಗಾಗಿ ತೂತಿನ ಅಂಚು ಹರಿದು ಬರುತ್ತದೆ, ವರ್ನಿಯರ್ ಎಲ್ಲಿ ಇಡಬೇಕೆಂದೇ ತಿಳಿಯುವುದಿಲ್ಲ. ಕಾರ್ಡುಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎರಡು ದಿನ ಇಟ್ಟು, ಹೊಡೆಯುವಾಗ ಒಂದೊಂದೇ ತೆಗೆಯಿರಿ. ಅಳೆಯುವುದು ಸೀಸದ ಕಪ್ಪು ಗುರುತಿನ ಹೊರ ಅಂಚಿಗೆ, ಹರಿದ ಕಾಗದಕ್ಕಲ್ಲ.

ಹೊನ್ನಾವರ_ಪಿಸ್ತೂಲ್

ತೂಕದ ಪ್ರಶ್ನೆಗೆ ನನ್ನ ಉತ್ತರ. 0.01 ಗ್ರಾಂ ತಕ್ಕಡಿ ಇದಕ್ಕೆ ಆಗುವುದಿಲ್ಲ. 0.53 ಗ್ರಾಂ ಪೆಲೆಟ್ಟಿನಲ್ಲಿ 0.01 ಅಂದರೆ ಹತ್ತಿರ ಹತ್ತಿರ ಶೇ 2. ಒಳ್ಳೆಯ ಮ್ಯಾಚ್ ಡಬ್ಬಿಯೊಳಗಿನ ವ್ಯತ್ಯಾಸವೇ ಅದಕ್ಕಿಂತ ಕಡಿಮೆ ಇರುತ್ತದೆ. 0.001 ಗ್ರಾಂ ತೋರಿಸುವ ತಕ್ಕಡಿ ಬೇಕು, ಅದನ್ನೂ ಫ್ಯಾನ್ ಆಫ್ ಮಾಡಿ ಬಳಸಬೇಕು.

ಆದರೆ ಅಷ್ಟು ಮಾಡಿ ಸಿಗುವುದೇನು? ಲೆಕ್ಕ ಹಾಕೋಣ. ಮ್ಯಾಚ್ ರೈಫಲ್ಲಿನ ವೇಗ ಸೆಕೆಂಡಿಗೆ 170 ಮೀಟರ್ ಆಸುಪಾಸು. 10 ಮೀಟರಿನಲ್ಲಿ ಪೆಲೆಟ್ 17–18 ಮಿಮೀ ಕೆಳಗೆ ಬೀಳುತ್ತದೆ. ವೇಗ 1 ಮೀಟರ್ ಹೆಚ್ಚು ಕಡಿಮೆ ಆದರೆ ಪೆಟ್ಟು ಸುಮಾರು 0.2 ಮಿಮೀ ಮೇಲೆ ಕೆಳಗೆ. ತೂಕದಲ್ಲಿ ಶೇ 1 ವ್ಯತ್ಯಾಸ (5 ಮಿಲಿಗ್ರಾಂ) ವೇಗದಲ್ಲಿ ಸುಮಾರು ಶೇ ಅರ್ಧ ಬದಲಾಯಿಸುತ್ತದೆ, ಅಂದರೆ ಪೆಟ್ಟಿನಲ್ಲಿ 0.2 ಮಿಮೀಗೂ ಒಳಗೆ. 500 ಪೆಲೆಟ್ ಒಂದೊಂದಾಗಿ ತೂಗಲು ಎರಡು ಮೂರು ತಾಸು ಬೇಕು. ಆ ಹೊತ್ತಿನಲ್ಲಿ 60 ಡ್ರೈ ಫೈರ್ (ಪೆಲೆಟ್ ಹಾಕದೆ ಟ್ರಿಗರ್ ಎಳೆಯುವ ಅಭ್ಯಾಸ) ಮಾಡಿದರೆ ಅದಕ್ಕಿಂತ ಹೆಚ್ಚು ಪಾಯಿಂಟ್ ಬರುತ್ತದೆ ಅಂತ ನನ್ನ ಖಚಿತ ಅಭಿಪ್ರಾಯ.

ಕಣ್ಣಿನಿಂದ ನೋಡುವ ಕೆಲಸ ಮಾತ್ರ ಬಿಡಬೇಡಿ. ಬೆಳಕಿಗೆ ಹಿಡಿದು ಸ್ಕರ್ಟಿನ (ಪೆಲೆಟ್ಟಿನ ಹಿಂದಿನ ಟೊಳ್ಳು ಭಾಗ) ಬಾಯಿ ದುಂಡಗಿದೆಯಾ ನೋಡಿ. ಸ್ಕರ್ಟ್ ನೆಗ್ಗಿದ್ದರೆ ಹಿಂದಿನ ಗಾಳಿ ಒಂದು ಬದಿಯಿಂದ ಮೊದಲು ಸೋರಿ ಪೆಲೆಟ್ ಬ್ಯಾರಲ್ ಬಿಡುವಾಗಲೇ ಓಲಾಡುತ್ತದೆ. ಅದು 10 ತಪ್ಪಿ 9ರ ವೃತ್ತಕ್ಕೂ ಬೀಳಬಹುದು. ನೆಗ್ಗಿದ್ದನ್ನು ಪೆನ್ನಿನ ತುದಿಯಿಂದ ಸರಿ ಮಾಡಿ ಬಳಸುವವರಿದ್ದಾರೆ, ಮ್ಯಾಚಿಗೆ ಅದು ಬೇಡ, ಸೈಟಿಂಗ್ ಹೊಡೆತಕ್ಕೆ ಇಟ್ಟುಕೊಳ್ಳಿ.

ಕೋಡಿಬಾಗ_10ಮೀ

ಹಾಗಾದರೆ ಹೆಡ್ ಸೈಜಿನ ಪರೀಕ್ಷೆಯಿಂದ ನಿಜಕ್ಕೂ ಎಷ್ಟು ಪಾಯಿಂಟ್ ಸಿಗುತ್ತದೆ? 60 ಹೊಡೆತಕ್ಕೆ 600 ಪಾಯಿಂಟಿನ ಆಸುಪಾಸು ಹೊಡೆಯುವವರಿಗೆ ಇಷ್ಟೆಲ್ಲ ಬೇಕಾ?

ಘಟ್ಟದ_ಮೇಲೆ

ಒಳ್ಳೆ ಪ್ರಶ್ನೆ. ಇದನ್ನು ಅಂಕಿಯಲ್ಲೇ ನೋಡಬೇಕು.

ಗುರಿಯ ನಡುವಿನ 10ರ ಚುಕ್ಕೆ 0.5 ಮಿಮೀ. ಪೆಲೆಟ್ 4.5 ಮಿಮೀ ಇರುವುದರಿಂದ ಪೆಟ್ಟಿನ ಕೇಂದ್ರ ನಡುವಿನಿಂದ 2.5 ಮಿಮೀ ಒಳಗಿದ್ದರೆ 10.0. ಅಲ್ಲಿಂದ ಒಳಗೆ ಪ್ರತಿ 0.25 ಮಿಮೀಗೆ 0.1. ಹಾಗಾಗಿ 10.5 ಅಂದರೆ 1.25 ಮಿಮೀ, 10.9 ಅಂದರೆ 0.25 ಮಿಮೀ. 60 ಹೊಡೆತಕ್ಕೆ ಗರಿಷ್ಠ 654.0.

ಈಗ ವೈಸಿನಲ್ಲಿ 10 ಹೊಡೆತದ ಗ್ರೂಪ್ ಸರಾಸರಿ 6.0 ಮಿಮೀ ಬರುವ ಪೆಲೆಟ್ ಒಂದು, 7.5 ಮಿಮೀ ಬರುವುದು ಇನ್ನೊಂದು ಅಂತ ಇಟ್ಟುಕೊಳ್ಳಿ. ಎರಡೂ ಹೊರ ಅಂಚಿನ ಅಳತೆ. ಪೆಲೆಟ್ಟಿನ ಚದುರುವಿಕೆ ಮತ್ತು ಶೂಟರಿನ ಚದುರುವಿಕೆ ನೇರವಾಗಿ ಕೂಡುವುದಿಲ್ಲ, ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಬೇಕು. ಹಾಗೆ ಲೆಕ್ಕ ಹಾಕಿದರೆ ಸರಾಸರಿ 10.0 ಹೊಡೆಯುವವರಿಗೆ ಕೆಟ್ಟ ಪೆಲೆಟ್ಟಿನಿಂದ 60 ಹೊಡೆತದಲ್ಲಿ 3–4 ಪಾಯಿಂಟ್ ನಷ್ಟ. ಸರಾಸರಿ 10.5, ಅಂದರೆ 630 ಹೊಡೆಯುವವರಿಗೆ 6–7 ಪಾಯಿಂಟ್ ನಷ್ಟ. ಕೈ ಗಟ್ಟಿಯಾದಷ್ಟೂ ಪೆಲೆಟ್ಟಿನ ದೋಷ ಹೆಚ್ಚು ಕಾಣುತ್ತದೆ.

600ರ ಹಂತದಲ್ಲೂ 3 ಪಾಯಿಂಟ್ ಸಣ್ಣದಲ್ಲ. ಆದರೆ ಒಂದು ಸಲ ಸರಿಯಾಗಿ ಪರೀಕ್ಷಿಸಿ, ಆ ಲಾಟ್ (ಒಂದೇ ಸಲ ತಯಾರಾದ ಕಂತು) ತರಿಸಿ, ವರ್ಷವಿಡೀ ಮರೆತುಬಿಡಿ. ತಿಂಗಳಿಗೊಮ್ಮೆ ಬದಲಿಸುತ್ತ ಕೂತರೆ ಗುರಿಯ ಮೇಲೆ ನಂಬಿಕೆ ಕೆಡುತ್ತದೆ.

ಬೈತಖೋಲ_ಬದಿ (ಕಾರವಾರ)

ಹೆಡ್ ಸೈಜ್ ಸರಿ, ಆದರೆ ಲಾಟ್ ನಂಬರ್ ಯಾರೂ ಹೇಳಿಲ್ಲ. ಡಬ್ಬಿಯ ಮೇಲಿನ 4.50 ಎಂಬುದು ಹೆಸರು ಅಷ್ಟೇ. ಅಚ್ಚು ಸವೆದ ಹಾಗೆ, ಬದಲಾದ ಹಾಗೆ ಒಂದು ಲಾಟಿನ 4.50 ಇನ್ನೊಂದು ಲಾಟಿನ 4.50ರಂತೆ ಹೊಡೆಯುವುದಿಲ್ಲ. ಪರೀಕ್ಷೆ ಮಾಡಿದ ಡಬ್ಬಿಯ ಸ್ಟಿಕರಿನ ಫೋಟೋ ತೆಗೆದು, ಅದೇ ನಂಬರ್ ಕೊಡಿ ಅಂತ ಕೇಳಿ. ಅದೇ ಸಿಗದಿದ್ದರೆ ಹಳೆಯ ಪರೀಕ್ಷೆ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಶೇಖರಣೆ. ಕರಾವಳಿಯಲ್ಲಿ 5000 ಪೆಲೆಟ್ ವರ್ಷಗಟ್ಟಲೆ ಇಡುವವರು ಇದನ್ನು ಓದಲೇಬೇಕು. ಪೆಲೆಟ್ ಮೇಲೆ ಬಿಳಿ ಪುಡಿ ಕಟ್ಟುತ್ತದಲ್ಲ, ಅದು ಬೂಷ್ಟಲ್ಲ, ಸೀಸದ ಕಿಲುಬು, ಹೆಚ್ಚಾಗಿ ಸೀಸದ ಕಾರ್ಬೊನೇಟ್. ತೇವ ಒಂದರಿಂದಲೇ ಅಷ್ಟು ಬೇಗ ಆಗುವುದಿಲ್ಲ. ತೇವದ ಜೊತೆ ಅಸಿಟಿಕ್ ಆಮ್ಲದ ಆವಿ ಸೇರಿದಾಗ ಜೋರಾಗಿ ಹಿಡಿಯುತ್ತದೆ. ಆ ಆವಿ ಎಲ್ಲಿಂದ? ಮರದ ಕಪಾಟು, ಪ್ಲೈವುಡ್, ರಟ್ಟಿನ ಪೆಟ್ಟಿಗೆ, ಹುಳಿ ವಾಸನೆ ಬರುವ ಸಿಲಿಕೋನ್ ಸೀಲಂಟ್, ಅಡುಗೆಮನೆಯ ವಿನೆಗರ್. ಮುಚ್ಚಿದ ಮರದ ಡ್ರಾಯರ್ ಸುರಕ್ಷಿತ ಅನಿಸುತ್ತದೆ, ಸೀಸಕ್ಕೆ ಮಾತ್ರ ಅದೇ ಕೆಟ್ಟ ಜಾಗ.

ಡಬ್ಬಿಯ ಮುಚ್ಚಳದ ಸುತ್ತ ಟೇಪ್ ಸುತ್ತಿ, ನಾಲ್ಕೈದು ಡಬ್ಬಿ ಒಟ್ಟಿಗೆ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬದಲ್ಲಿ 100 ಗ್ರಾಂ ಸಿಲಿಕಾ ಜೆಲ್ ಜೊತೆ ಇಡಿ, ಸ್ಟೀಲ್ ಕಪಾಟಿನಲ್ಲಿ. ನೀಲಿ ಜೆಲ್ ಗುಲಾಬಿ ಆದ ಕೂಡಲೇ ಬದಲಿಸಿ. ಬಿಳಿ ಕಟ್ಟಿದ ಪೆಲೆಟ್ಟನ್ನು ತೊಳೆದು ಬಳಸುವ ಆಸೆ ಬೇಡ. ಅಳತೆ ಕೆಟ್ಟಿರುತ್ತದೆ, ಆ ಪುಡಿ ಉಸಿರಿನಲ್ಲಿ ಹೋದರೆ ವಿಷ.

ಬನವಾಸಿ_ರಸ್ತೆ (ಶಿರಸಿ)

ನಮ್ಮಲ್ಲಿ ಟ್ರ್ಯಾಪಿನಿಂದ (ಗುರಿಯ ಹಿಂದೆ ಪೆಲೆಟ್ ಹಿಡಿಯುವ ಪೆಟ್ಟಿಗೆ) ತೆಗೆದ ಸೀಸ 8–9 ಕಿಲೋ ಆಗಿದೆ. ಕರಗಿಸಿ ಅಚ್ಚಿನಲ್ಲಿ ಎರೆದು ನಾವೇ ಪೆಲೆಟ್ ಮಾಡಿಕೊಳ್ಳಲು ಬರುತ್ತದಾ? ಅಭ್ಯಾಸಕ್ಕಾದರೂ?

ಅಘನಾಶಿನಿ

ಬೇಡ. ಮ್ಯಾಚ್ ಪೆಲೆಟ್ ಎರೆದು ಮಾಡುವುದಲ್ಲ, ಸೀಸದ ತಂತಿಯನ್ನು ತುಂಡು ಮಾಡಿ ಅಚ್ಚಿನಲ್ಲಿ ಒತ್ತಿ ಮಾಡುವುದು. ಎರಕದಲ್ಲಿ ತಣಿಯುವಾಗ ಸೀಸ ಕುಗ್ಗುತ್ತದೆ, ತೆಳು ಸ್ಕರ್ಟಿನಲ್ಲಿ ಗಾಳಿ ಗುಳ್ಳೆ ನಿಲ್ಲುತ್ತದೆ. ಇಲ್ಲಿ ನಾವು ಮಾತಾಡುತ್ತಿರುವುದು 0.01 ಮಿಮೀ ವ್ಯತ್ಯಾಸ. ಕೈ ಎರಕದಲ್ಲಿ ಅದು ಬರುವುದಿಲ್ಲ, ಗಡಸು ಸೀಸವಾದರೆ ರೈಫ್ಲಿಂಗಿಗೂ (ಬ್ಯಾರಲ್ ಒಳಗಿನ ಸುರುಳಿ ಗೀರು) ಸರಿಯಾಗಿ ಹಿಡಿಯುವುದಿಲ್ಲ.

ಇನ್ನೊಂದು ಅಪಾಯ. ಸೀಸ ಕರಗುವುದು 327 ಡಿಗ್ರಿಯಲ್ಲಿ. ಮಳೆಗಾಲದಲ್ಲಿ ಬಿದ್ದಿದ್ದ ಒದ್ದೆ ತುಂಡೊಂದು ಕರಗಿದ ಸೀಸಕ್ಕೆ ಬಿದ್ದರೆ ಒಳಗಿನ ನೀರು ಒಮ್ಮೆಲೇ ಆವಿಯಾಗಿ ಸೀಸವನ್ನು ಮುಖಕ್ಕೆ ಎರಚುತ್ತದೆ. ಮೇಲೆ ಕಟ್ಟುವ ಕಿಟ್ಟದ ಪುಡಿ ಮನೆಯ ಮಕ್ಕಳಿಗೆ ಎಲ್ಲಕ್ಕಿಂತ ಕೆಟ್ಟದ್ದು. ಮುಚ್ಚಳ ಇರುವ ಡಬ್ಬದಲ್ಲಿ ಕೂಡಿಟ್ಟು ಸೀಸದ ಮರುಬಳಕೆಗೆ ಪರವಾನಗಿ ಇರುವವರಿಗೆ ಕೊಡಿ. ತೋಟದ ಮೂಲೆಗೆ, ಬಾವಿಯ ಬದಿಗೆ ಸುರಿಯಬೇಡಿ.

ಟ್ರ್ಯಾಪ್ ಗುಡಿಸುವುದಕ್ಕೆ ಹಿಡಿ ಕಸಬರಿಗೆ ಬೇಡ, ಧೂಳು ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ಹೊಡೆಯುವಾಗ ಪೆಲೆಟ್ ಬಾಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಕೆಲವು ಹುಡುಗರಿಗಿದೆ, ಕೋಚ್ ಆದವರು ಅದನ್ನು ಮೊದಲ ದಿನವೇ ಬಿಡಿಸಬೇಕು. ತಿಂಡಿ, ಚಾ ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯಬೇಕು.

ಹೊನ್ನಾವರ_ಪಿಸ್ತೂಲ್

ಸಿಲಿಂಡರಿಗೆ ತುಂಬುವ ಗಾಳಿಯ ಬಗ್ಗೆ ಬರೆಯದಿದ್ದರೆ ಈ ಚರ್ಚೆ ಅರ್ಧ. ಪೆಲೆಟ್ ಪರೀಕ್ಷೆಯಲ್ಲಿ ಗ್ರೂಪ್ ಮೇಲಿನಿಂದ ಕೆಳಕ್ಕೆ ಉದ್ದ ಬಂದು, ಅಡ್ಡಕ್ಕೆ ಸಣ್ಣದಿದ್ದರೆ ಪೆಲೆಟ್ ಬದಲಿಸುವ ಮೊದಲು ವೇಗ ಅಳೆಯಿರಿ. ಕ್ರೋನೋಗ್ರಾಫ್ ಇದ್ದರೆ 10 ಹೊಡೆತ. ಅತಿ ಹೆಚ್ಚು ಅತಿ ಕಡಿಮೆ ನಡುವೆ ಸೆಕೆಂಡಿಗೆ 2–3 ಮೀಟರ್ ಒಳಗಿದ್ದರೆ ಸರಿ. 5 ದಾಟಿದರೆ ಅದೊಂದೇ 1 ಮಿಮೀ ಎತ್ತರ ತಗ್ಗು ಕೊಡುತ್ತದೆ. ಯಾವ ಹೆಡ್ ಸೈಜೂ ಅದನ್ನು ಸರಿ ಮಾಡುವುದಿಲ್ಲ.

ರೆಗ್ಯುಲೇಟರ್ (ಪ್ರತಿ ಹೊಡೆತಕ್ಕೂ ಒಂದೇ ಒತ್ತಡ ಕೊಡುವ ಭಾಗ) ನೋಡುವ ಸುಲಭದ ದಾರಿ: 5 ಹೊಡೆದು 10 ನಿಮಿಷ ಸುಮ್ಮನೆ ಬಿಡಿ, ಮತ್ತೆ ಹೊಡೆಯಿರಿ. ಆ ಮೊದಲ ಹೊಡೆತ ಪ್ರತಿ ಸಲವೂ ಜೋರಾಗಿ ಹೋಗಿ ಮೇಲೆ ಬಿದ್ದರೆ ರೆಗ್ಯುಲೇಟರಿನ ಸೀಟು ಸೋರುತ್ತಿದೆ. ಕಾರಣ ಹೆಚ್ಚಾಗಿ ತೇವ, ಇಲ್ಲವೇ ಕಸ.

ತೇವ ಎಲ್ಲಿಂದ ಬರುತ್ತದೆ ಅಂದರೆ ಕೈ ಪಂಪಿನಿಂದ. ಕಾರವಾರದ ಜುಲೈ ಗಾಳಿಯನ್ನು 200 ಬಾರಿಗೆ ಒತ್ತಿದರೆ ಅದರೊಳಗಿನ ನೀರು ಸಿಲಿಂಡರಿನ ಒಳಗೆ ಇಳಿಯಲೇಬೇಕು. ಪಂಪ್ ಬಳಸುವುದಾದರೆ ಗಾಳಿ ಎಳೆದುಕೊಳ್ಳುವ ಬದಿಗೆ ಜೆಲ್ ತುಂಬಿದ ಫಿಲ್ಟರ್ ಕಡ್ಡಾಯ, 50 ಸಲ ಒತ್ತಿದ ಮೇಲೆ 5 ನಿಮಿಷ ನಿಲ್ಲಿಸಿ ಬ್ಲೀಡ್ ಸ್ಕ್ರೂ ಬಿಚ್ಚಿ ನೀರು ಬಿಡಿ.

ಅದಕ್ಕಿಂತ ಒಳ್ಳೆಯದು ಡೈವಿಂಗ್ ಸಿಲಿಂಡರು. ನೇತ್ರಾಣಿಗೆ ಸ್ಕೂಬಾ ಕರೆದೊಯ್ಯುವವರಿಂದಾಗಿ ಮುರುಡೇಶ್ವರದಲ್ಲಿ ಉಸಿರಾಟದ ಗಾಳಿ ತುಂಬುವ ಕಂಪ್ರೆಸರ್ ಇದೆ. ಅದು ಸೋಸಿದ, ಒಣಗಾಳಿ. 11 ಲೀಟರಿನ ಸಿಲಿಂಡರು 200 ಬಾರ್ ಇದ್ದಾಗ, ರೈಫಲ್ಲಿನ 0.2 ಲೀಟರ್ ಸಿಲಿಂಡರನ್ನು 80 ಬಾರಿನಿಂದ ತುಂಬಿದರೆ ದೊಡ್ಡದರಲ್ಲಿ ಇಳಿಯುವುದು ಸುಮಾರು 2 ಬಾರ್. ಇಪ್ಪತ್ತು ಸಲ ತುಂಬಿದ ಮೇಲೂ 160ರ ಮೇಲೆಯೇ ಇರುತ್ತದೆ. ನಿಧಾನ ತುಂಬಿ. ರಭಸದಿಂದ ತುಂಬಿದರೆ ಸಿಲಿಂಡರು ಬಿಸಿಯಾಗಿ ಮೀಟರ್ 200 ತೋರಿಸುತ್ತದೆ, ತಣಿದ ಮೇಲೆ ಕಡಿಮೆ ಇರುತ್ತದೆ.

ಮತ್ತೊಂದನ್ನು ದೊಡ್ಡ ದನಿಯಲ್ಲಿ ಹೇಳುತ್ತೇನೆ: ವೆಲ್ಡಿಂಗ್ ಅಂಗಡಿಯ ಆಕ್ಸಿಜನ್, ಆಸ್ಪತ್ರೆಯ ಆಕ್ಸಿಜನ್ ಯಾವ ಕಾರಣಕ್ಕೂ ತುಂಬಬೇಡಿ. ಒಳಗಿನ ಗ್ರೀಸ್ ಜೊತೆ ಅಷ್ಟು ಒತ್ತಡದ ಆಕ್ಸಿಜನ್ ಸೇರಿದರೆ ಸ್ಫೋಟ. ಸಿಲಿಂಡರಿನ ಮೇಲೆ ಕೆತ್ತಿದ ದಿನಾಂಕವನ್ನೂ ನೋಡಿ. ಅವಧಿ ಮುಗಿದ ಸಿಲಿಂಡರು ಮ್ಯಾಚಿನಲ್ಲಿ ಬಳಸದಂತೆ ನೋಡಿಕೊಳ್ಳುವುದು ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆ) ನಿಯಮದಲ್ಲಿ ಶೂಟರಿನದೇ ಜವಾಬ್ದಾರಿ.

ಬನವಾಸಿ_ರಸ್ತೆ

ಸೀಸದ ಬಗ್ಗೆ ತಿಳಿಯಿತು, ಕೊಟ್ಟುಬಿಡುತ್ತೇವೆ. ಇನ್ನೊಂದು ಸಂದೇಹ: ಶಿರಸಿಯಲ್ಲಿ ಝೀರೋ ಮಾಡಿ (ಸೈಟ್ ಹೊಂದಿಸಿ) ದೇವಿಮನೆ ಘಟ್ಟ ಇಳಿದು ಕಾರವಾರದಲ್ಲಿ ಹೊಡೆದರೆ ಪೆಟ್ಟು ಬದಲಾಗುತ್ತದಾ? ಪರೀಕ್ಷೆ ಅಲ್ಲಿ ಮಾಡಬೇಕಾ, ಇಲ್ಲೇ ಸಾಕಾ?

ಘಟ್ಟದ_ಮೇಲೆ

ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ಗಾಳಿಯ ಸಾಂದ್ರತೆ ಕೆಳಗಿಗಿಂತ ಶೇ 6ರ ಹತ್ತಿರ ಕಡಿಮೆ. 10 ಮೀಟರಿನಲ್ಲಿ ಅದರಿಂದ ಪೆಟ್ಟು ಸರಿಯುವುದು 0.1 ಮಿಮೀ ಆಸುಪಾಸು, ಸೈಟ್ ತಿರುಗಿಸುವ ಅರ್ಧ ಕ್ಲಿಕ್ಕಿಗೂ ಬಾಳೂದಿಲ್ಲ. ಎಲ್ಲಿ ಬೇಕಾದರೂ ಪರೀಕ್ಷೆ ಮಾಡಿ ಭಾವ. ಬದಲಾದಂತೆ ಕಂಡರೆ ಬೆಳಕು ನೋಡಿ. ಅಡಿಕೆ ಗೋದಾಮಿನಂಥ ಕತ್ತಲ ಹಾಲ್‌ನಿಂದ ಬೆಳಕಿರುವ ಹಾಲ್‌ಗೆ ಹೋದಾಗ ಹಿಂದಿನ ಸೈಟಿನ ಐರಿಸ್ ತೂತು ಬದಲಿಸಬೇಕಾಗುತ್ತದೆ, ಜನ ಅದನ್ನು ಪೆಲೆಟ್ಟಿನ ತಲೆಗೆ ಕಟ್ಟುತ್ತಾರೆ.

ಬೈತಖೋಲ_ಬದಿ

ಬ್ಯಾರಲ್ ಸ್ವಚ್ಛ ಮಾಡುವುದನ್ನೂ ಪರೀಕ್ಷೆಯ ದಿನ ಸರಿಯಾಗಿ ಮಾಡಬೇಕು. ಫೆಲ್ಟ್ ಪೆಲೆಟ್ (ಬ್ಯಾರಲ್ ಒರೆಸುವ ಮೆತ್ತನೆಯ ಉಣ್ಣೆ ಬಿರಡೆ) ಬಳಸಿ, ಹಿಂದಿನಿಂದ ಮುಂದಕ್ಕೆ. ಬಾಯಿಯ ಕಡೆಯಿಂದ ರಾಡ್ ತೂರಿಸಿದರೆ ತುದಿಯ ರೈಫ್ಲಿಂಗ್ ಅಂಚು ಸವೆಯುತ್ತದೆ, ಪೆಲೆಟ್ ಕೊನೆಗೆ ಮುಟ್ಟುವ ಜಾಗ ಅದೇ. ಹಿತ್ತಾಳೆ ಬ್ರಷ್ ಬೇಡ. ಒಂದು ಡಬ್ಬಿ, ಅಂದರೆ 500 ಹೊಡೆತಕ್ಕೊಮ್ಮೆ ಸಾಕು. ಸ್ವಚ್ಛ ಮಾಡಿದ ಮೇಲೆ 15–20 ಹೊಡೆತ ಹೋಗುವ ತನಕ ಗ್ರೂಪ್ ಅಗಲವಾಗಿಯೇ ಇರುತ್ತದೆ. ಆ ಹೊತ್ತಿಗೆ ಪರೀಕ್ಷೆ ಶುರು ಮಾಡಿದರೆ ಮೊದಲ ಹೆಡ್ಡಿಗೆ ಅನ್ಯಾಯ.

ಮಳೆಗಾಲದಲ್ಲಿ ಮಾತ್ರ ಪ್ರತಿ ದಿನ ಹೊಡೆದು ಮುಗಿದ ಮೇಲೆ ಒಂದು ಹನಿ ಗನ್ ಆಯಿಲ್ ಹಾಕಿದ ಫೆಲ್ಟ್ ಒಂದು, ಹಿಂದೆಯೇ ಒಣ ಫೆಲ್ಟ್ ಎರಡು. ಮರುದಿನ ಹೊಡೆಯುವ ಮೊದಲು ಮತ್ತೆ ಒಣ ಫೆಲ್ಟ್ ಎರಡು. ಎಣ್ಣೆ ಉಳಿದರೆ ಮೊದಲ ಹತ್ತು ಹೊಡೆತ ಎಲ್ಲೆಲ್ಲಿಗೋ ಹೋಗುತ್ತವೆ. ರೈಫಲ್ಲನ್ನು ಸ್ಪಂಜಿನ ಕೇಸಿನಲ್ಲಿ ಮುಚ್ಚಿ ಇಡಬೇಡಿ. ಸ್ಪಂಜು ಉಪ್ಪುಗಾಳಿಯ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಎರಡೇ ವಾರದಲ್ಲಿ ಸ್ಕ್ರೂ ತಲೆಗಳಲ್ಲಿ ತುಕ್ಕು. ಕೇಸು ಪ್ರಯಾಣಕ್ಕೆ ಮಾತ್ರ.

ವೈಸ್ ಇಲ್ಲ, ಜಾಗ ಇಲ್ಲ ಅಂತ ಕಾಡಿನ ಅಂಚಿನಲ್ಲೋ ತೋಟದಲ್ಲೋ ಪರೀಕ್ಷೆ ಮಾಡುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಗಾಳಿಯಲ್ಲಿ ಹೊಡೆದ ಗ್ರೂಪಿಗೆ ಅರ್ಥ ಇಲ್ಲ, ಹಿಂದೆ ಗೋಡೆ ಇಲ್ಲದ ಕಡೆ ಹೊಡೆಯುವುದೇ ತಪ್ಪು. ಹಕ್ಕಿಗೆ ಗುರಿಯಿಡುವುದಂತೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ, ಏರ್ ಗನ್ ಆದರೂ ಅಷ್ಟೇ.

ಕೋಡಿಬಾಗ_10ಮೀ

ವೈಸಿನಲ್ಲಿ, ಹೋಗಿ ಬರುವ ಕ್ರಮದಲ್ಲಿ, ಒಂದೊಂದಕ್ಕೆ 10 ಹೊಡೆತದ ಐದು ಗ್ರೂಪ್. ಒಣಗಿಸಿದ ಕಾರ್ಡ್, ಹೊರ ಅಂಚಿನ ಸರಾಸರಿ:

4.49 – 7.1 ಮಿಮೀ
4.50 – 6.3 ಮಿಮೀ
4.51 – 6.2 ಮಿಮೀ

ವೈಸ್ ಜಾರಿದ ಒಂದು ಗ್ರೂಪ್ ಬಿಟ್ಟು ಮತ್ತೆ ಹೊಡೆದಿದೆ. 4.50ರ ಡಬ್ಬಿಯಲ್ಲಿ 9 ಪೆಲೆಟ್, 4.51ರಲ್ಲಿ 3 ಪೆಲೆಟ್ ಸ್ಕರ್ಟ್ ನೆಗ್ಗಿದ್ದವು.

ಘಟ್ಟದ_ಮೇಲೆ

ಈಗ ಸರಿ ಆಯ್ತು. ಕೇಂದ್ರದಿಂದ ಕೇಂದ್ರಕ್ಕೆ 2.6, 1.8, 1.7. 4.49 ಬಿಡಿ. 4.50, 4.51 ಒಂದೇ, ಯಾವುದರ ಲಾಟ್ ಒಟ್ಟಿಗೆ 10 ಡಬ್ಬಿ ಸಿಗುತ್ತದೋ ಅದನ್ನೇ ತೆಗೆದುಕೊಳ್ಳಿ. ನೆಗ್ಗಿದ ಲೆಕ್ಕದಿಂದ ಹೆಡ್ ಆರಿಸಬೇಡಿ, ಅದು ಪಾರ್ಸೆಲ್ಲಿನಲ್ಲಿ ಡಬ್ಬಿ ಬಿದ್ದದ್ದರಿಂದ ಆಗಿರಬಹುದು. ಬಂದ ಕೂಡಲೇ ಹತ್ತೂ ಡಬ್ಬಿಯ ಲಾಟ್ ನಂಬರ್ ತಾಳೆ ನೋಡಿ, ಎರಡು ಡಬ್ಬಿಯಿಂದ 20–20 ಪೆಲೆಟ್ ವೈಸಿನಲ್ಲಿ ಹೊಡೆದು 6.2ರ ಆಸುಪಾಸೇ ಬರುತ್ತದಾ ಖಾತ್ರಿ ಮಾಡಿಕೊಂಡು, ಉಳಿದ ಎಂಟಕ್ಕೆ ಟೇಪ್ ಸುತ್ತಿ ಇಡಿ.

ಕೋಡಿಬಾಗ_10ಮೀ

4.51ರ 10 ಡಬ್ಬಿ ಒಂದೇ ಲಾಟಿನಲ್ಲಿ ಇದೆ ಅಂತ ಅಂಗಡಿಯವರು ಫೋಟೋ ಕಳಿಸಿದ್ದಾರೆ. ಅದನ್ನೇ ಹೇಳಿದ್ದೇನೆ. ಬಂದ ಮೇಲೆ 20–20ರ ಅಳತೆ ಇಲ್ಲೇ ಹಾಕುತ್ತೇನೆ.